ಇಳಿಜಾರಿನ ಹಿತ್ತಿಲಲ್ಲಿ ನೀರಿನ ಪೈಪು ಹೂಳುವ ಬಗೆ

ಕರಾವಳಿಯಲ್ಲಿ ತೋಡು ಎಂದರೆ ಮಳೆನೀರು ಹರಿದುಹೋಗುವ ಕಿರುಹಳ್ಳ. ಬಾವಿಯಿಂದ ಮನೆಗೆ ಪೈಪು ಹೂಳಲೆಂದು ನಾವು ತೋಡುವ ಕಣಿಯನ್ನು ಸರಿಯಾಗಿ ಮುಚ್ಚದಿದ್ದರೆ, ಅದೂ ಮೊದಲ ಮಳೆಗಾಲದಲ್ಲೇ ಅಂಥದೊಂದು ತೋಡಾಗಿಬಿಡುತ್ತದೆ. ನೆಲದ ಮೇಲೆ ಕಾಣಿಸುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಅಗೆದು ಸಡಿಲವಾದ ಮಣ್ಣು ಅಕ್ಕಪಕ್ಕದ ಗಟ್ಟಿ ನೆಲಕ್ಕಿಂತ ಬೇಗ ನೀರು ಕುಡಿಯುತ್ತದೆ, ಕುಡಿದ ನೀರು ಪೈಪಿನ ಬದಿಯಲ್ಲೇ ಇಳಿಜಾರು ಹಿಡಿದು ಹರಿಯುತ್ತದೆ, ಹರಿಯುತ್ತ ನುಣ್ಣನೆಯ ಮಣ್ಣನ್ನು ಒಯ್ಯುತ್ತದೆ, ಕೊನೆಗೆ ಪೈಪು ಆಧಾರವಿಲ್ಲದೆ ತೂಗಾಡುತ್ತದೆ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುವ ಉಡುಪಿ–ಮಂಗಳೂರು ಭಾಗದಲ್ಲಿ ಹೂಳಿದ ಪೈಪು ಕೆಡುವುದಕ್ಕೆ ನನ್ನ ಲೆಕ್ಕದಲ್ಲಿ ಇದೇ ಮೊದಲ ಕಾರಣ. ಪೈಪಿನ ಗುಣಮಟ್ಟ, ಪ್ಲಂಬರನ ಕೈಗುಣ ಎಲ್ಲ ಆಮೇಲಿನ ಮಾತು.

ಈಗೀಗ ಮೊಬೈಲಿನಲ್ಲಿ ವಿಡಿಯೊ ನೋಡಿ ನಾಲ್ಕೈದು ಅಡಿ ಆಳಕ್ಕೆ ಅಗೆಸುವವರು ಸಿಗುತ್ತಾರೆ. ಆ ಆಳ ಚಳಿ ದೇಶಗಳದ್ದು. ಅಲ್ಲಿ ಚಳಿಗಾಲದಲ್ಲಿ ನೆಲವೇ ಮೇಲಿನಿಂದ ಹೆಪ್ಪುಗಟ್ಟುತ್ತ ಬರುತ್ತದೆ. ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಶೇ. 9ರಷ್ಟು ಹಿಗ್ಗುವುದರಿಂದ ಪೈಪು ಒಡೆಯುತ್ತದೆ. ಆದ್ದರಿಂದ ಹೆಪ್ಪು ತಲುಪದಷ್ಟು ಕೆಳಗೆ ಪೈಪನ್ನು ಇಡುವುದು ಅವರಿಗೆ ಅನಿವಾರ್ಯ. ಜನವರಿಯ ಮುಂಜಾನೆಯಲ್ಲೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುವ ನಮಗೆ ಆ ಚಿಂತೆಯೇ ಇಲ್ಲ. ಇಲ್ಲಿ ಅತಿ ಆಳಕ್ಕೆ ಹೋದರೆ ಲಾಭವಿಲ್ಲ, ಅಷ್ಟೇ ಅಲ್ಲ, ಕೆಲವೆಡೆ ಹಾನಿಯೂ ಇದೆ. ನಮ್ಮ ನೆಲದ ಮೇಲ್ಪದರ ಗಟ್ಟಿಯಾದ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಅದರ ಅಡಿಯಲ್ಲಿ ಬಿಳಿ, ಹಳದಿ ಅಥವಾ ತಿಳಿ ಗುಲಾಬಿ ಬಣ್ಣದ ಶೇಡಿ ಮಣ್ಣು. ಶೇಡಿ ಒಣಗಿದ್ದಾಗ ಪಿಕ್ಕಾಸಿಗೂ ಜಗ್ಗದಂತೆ ಗಟ್ಟಿ, ನೀರು ತಾಗಿತೆಂದರೆ ಹಿಟ್ಟಿನಂತೆ ಕರಗಿ ಹರಿಯುತ್ತದೆ. ಮಳೆಗಾಲದಲ್ಲಿ ಧರೆ, ಅಂದರೆ ನೆಲ ಕಡಿದಲ್ಲಿ ಉಳಿದ ಮಣ್ಣಿನ ಗೋಡೆ, ಕುಸಿದ ಎಷ್ಟೋ ಕಡೆ ಕತ್ತರಿಸಿದ ಗೋಡೆಯ ಕೆಳಭಾಗದಲ್ಲಿ ಈ ಬಣ್ಣವನ್ನು ನೀವೇ ನೋಡಿರುತ್ತೀರಿ. ಮುರಕಲ್ಲಿನ ಪದರವನ್ನು ತೂತು ಮಾಡಿ ಶೇಡಿಯೊಳಗೆ ಕಣಿ ಇಳಿಸುವುದೆಂದರೆ ಮಳೆನೀರಿಗೆ ನಾವೇ ಬಾಗಿಲು ತೆರೆದುಕೊಟ್ಟಂತೆ.

ಇದನ್ನು ನಾನು ಕಲಿತದ್ದು ಉಡುಪಿ ಕಡೆಯ ಪರ್ಕಳದ ಬಳಿಯ ನಮ್ಮ ಹಿತ್ತಿಲಿನಲ್ಲಿ. ಬಾವಿ ಕೆಳಗಿನ ತಟ್ಟಿನಲ್ಲಿ, ಮನೆ ಮೇಲೆ, ನಡುವೆ ಸುಮಾರು 200 ಅಡಿ ಇಳಿಜಾರು. ಒಂದು ವರ್ಷ ಮೇ ತಿಂಗಳ ಕೊನೆಯಲ್ಲಿ, ಪತ್ತನಾಜೆಯ ಹೊತ್ತಿಗೆ, ತರಾತುರಿಯಲ್ಲಿ ಮೂರೂವರೆ ಅಡಿ ಆಳದ ಕಣಿ ತೆಗೆಸಿ, ಪೈಪು ಇಟ್ಟು, ಅಗೆದ ಮಣ್ಣನ್ನೇ ಒಂದೇ ದಿನದಲ್ಲಿ ಮೇಲಕ್ಕೆ ಎಳೆಸಿಬಿಟ್ಟೆ. ಜುಲೈ–ಆಗಸ್ಟಿನ ಆಟಿ ತಿಂಗಳಲ್ಲಿ 40 ನಿಮಿಷಕ್ಕೆ ತುಂಬುತ್ತಿದ್ದ ಟ್ಯಾಂಕು ಒಂದು ಗಂಟೆ ದಾಟಿದರೂ ತುಂಬದಾಯಿತು. ಕೆಳಗಿನ ಧರೆಯ ಬುಡದಲ್ಲಿ, ಪೈಪು ಹಾದುಹೋಗುವ ಜಾಗಕ್ಕೆ ಸರಿಯಾಗಿ, ಹೆಬ್ಬೆರಳು ತೂರುವಷ್ಟು ತೂತಿನಿಂದ ಗುಲಾಬಿ ಬಣ್ಣದ ಕದಡು ನೀರು ಬರುತ್ತಿತ್ತು. ಮೇಲಿನ ಮಣ್ಣು ಸರಿಸಿ ಕೈ ಹಾಕಿದರೆ ಭುಜದವರೆಗೂ ತೋಳು ಒಳಗೆ ಹೋಯಿತು. ಹನ್ನೆರಡು ಅಡಿ ಉದ್ದಕ್ಕೆ ಪೈಪಿನ ಕೆಳಗೆ ಮಣ್ಣೇ ಇರಲಿಲ್ಲ. ನಡುವಿನ ಕಪ್ಲಿಂಗ್ ಬಿರುಕು ಬಿಟ್ಟು, ಅದರಿಂದ ನೂಲಿನಷ್ಟು ಸಪೂರದ ನೀರು ಚಿಮ್ಮುತ್ತಿತ್ತು. ಎರಡನೆಯ ಬಾರಿ ಮಾಡಿಸಿದ ಕೆಲಸದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದಾರಿ ಮತ್ತು ಆಳ

ಕೆಲಸ ಮಾಡಿಸುವುದು ದೀಪಾವಳಿಯ ಅನಂತರ, ಆದರೆ ದಾರಿ ಗುರುತಿಸುವುದು ಮಳೆಗಾಲದಲ್ಲೇ ಆಗಬೇಕು. ಜೋರಾಗಿ ಮಳೆ ಬರುವಾಗ ಕೊಡೆ ಹಿಡಿದು ಹಿತ್ತಿಲಿಗೆ ಇಳಿದು, ನೀರು ಎಲ್ಲಿ ಕೂಡುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ಇಂಗುತ್ತದೆ ಎಂಬುದನ್ನು ನೋಡಿ ಗೂಟ ಹೊಡೆದಿಟ್ಟರೆ ಬೇಸಗೆಯಲ್ಲಿ ಊಹೆ ಮಾಡಬೇಕಾಗಿಲ್ಲ. ಆ ನೀರಿನ ದಾರಿಯನ್ನು ಪೈಪು ಅಡ್ಡ ದಾಟಬಹುದು, ಅದರ ಜೊತೆಗೇ ಓಡಬಾರದು. ಇಳಿಜಾರಿಗೆ ಓರೆಯಾಗಿ ಕಣಿ ತೆಗೆದರೆ ಮೇಲಿನಿಂದ ಬರುವ ನೀರನ್ನೆಲ್ಲ ಅದು ಹಿಡಿದುಕೊಳ್ಳುತ್ತದೆ. ಸಾಧ್ಯವಿದ್ದಲ್ಲಿ ಮೆಟ್ಟಿಲಿನ ಬದಿಯಲ್ಲೋ ಪಾಗಾರದ (ಕಾಂಪೌಂಡ್ ಗೋಡೆಯ) ಒಳಬದಿಯಲ್ಲೋ ನೇರವಾಗಿ ಇಳಿಸುವುದು ಒಳ್ಳೆಯದು. ಧರೆಯ ಅಂಚಿನಲ್ಲಿ, ಅಂಚಿಗೆ ಸಮಾನಾಂತರವಾಗಿ ಮಾತ್ರ ಎಂದಿಗೂ ಅಗೆಯಬೇಡಿ. ಧರೆ ಎಷ್ಟು ಎತ್ತರವಿದೆಯೋ ಕನಿಷ್ಠ ಅಷ್ಟು ದೂರವನ್ನಾದರೂ ಬಿಡಿ.

ತೆಂಗಿನಮರಕ್ಕೆ ತಾಯಿಬೇರಿಲ್ಲ, ಅದರ ನಾರುಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಎರಡು ಮೀಟರಿನೊಳಗೆ ಇರುತ್ತವೆ. ಅಷ್ಟು ದೂರ ಕಾಯ್ದುಕೊಂಡರೆ ಮರಕ್ಕೂ ಪೈಪಿಗೂ ಕ್ಷೇಮ. ಗಟ್ಟಿಯಿರುವ ಜೋಡಣೆಗೆ ಬೇರು ಏನೂ ಮಾಡುವುದಿಲ್ಲ, ಆದರೆ ಎಲ್ಲಿ ಹನಿ ಸೋರುತ್ತದೆಯೋ ಅಲ್ಲಿಗೆ ಹುಡುಕಿಕೊಂಡು ಬರುತ್ತದೆ.

ಕೊಳಚೆ ನೀರಿನ ಪೈಪು, ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿಗಳ ವಿಷಯದಲ್ಲಿ ರಾಜಿ ಬೇಡ. ಕುಡಿಯುವ ನೀರಿನ ಪೈಪು ಕೊಳಚೆಯ ಪೈಪಿನಿಂದ ಅಡ್ಡಲಾಗಿ 3 ಮೀಟರ್ ದೂರವಿರಬೇಕು, ದಾಟಬೇಕಾಗಿ ಬಂದಲ್ಲಿ ಅರ್ಧ ಮೀಟರ್ ಮೇಲಿನಿಂದ ದಾಟಬೇಕು ಎಂಬುದು ಎಂಜಿನಿಯರುಗಳ ನಿಯಮ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರಿಗೆ 3 ಮೀಟರ್ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಅಂಥಲ್ಲಿ ಆ ಭಾಗದಲ್ಲಿ ಜೋಡಣೆಯೇ ಬಾರದಂತೆ ಇಡೀ ಉದ್ದದ ಪೈಪು ಬಳಸಿ, ಅದನ್ನು ಇನ್ನೊಂದು ದಪ್ಪ ಪೈಪಿನೊಳಗೆ ತೂರಿಸಿ, ಕೊಳಚೆಯ ಪೈಪಿಗಿಂತ ಮೇಲ್ಮಟ್ಟದಲ್ಲಿ ಒಯ್ಯಿರಿ. ನಗರದ ನೀರು ಬಳಸುವವರಿಗೆ ಈ ಎಚ್ಚರ ಇನ್ನೂ ಮುಖ್ಯ. ಮಂಗಳೂರಿಗೆ ತುಂಬೆಯ ಅಣೆಕಟ್ಟಿನಿಂದಲೂ ಉಡುಪಿಗೆ ಬಜೆಯ ಅಣೆಕಟ್ಟಿನಿಂದಲೂ ಬರುವ ನೀರನ್ನು 2019ರ ಬೇಸಗೆಯಲ್ಲಿ ಎರಡೂ ಕಡೆ ಪಾಳಿಯ ಮೇಲೆ ಬಿಡಬೇಕಾಗಿ ಬಂದಿತ್ತು. ನೀರು ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಆಗ ಸಣ್ಣ ಬಿರುಕೊಂದಿದ್ದರೂ ಹೊರಗಿನ ಕೊಳಕು ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಕಾಮಾಲೆ, ಟೈಫಾಯಿಡ್‌ಗಳಿಗೆ ಇದೂ ಒಂದು ದಾರಿ. ಮೀಟರಿನಿಂದ ಹೊರಗಿನ ಲೈನನ್ನು ಸ್ವತಃ ಮುಟ್ಟಲು ಹೋಗದೆ, ಸಂಬಂಧಪಟ್ಟವರಿಗೇ ತಿಳಿಸುವುದು ಸರಿ.

ಆಳದ ವಿಷಯ ಇಷ್ಟೇ: ಬರೀ ಜನ ನಡೆಯುವಲ್ಲಿ ಪೈಪಿನ ಬೆನ್ನಿನ ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ಸಾಕು, ಹಾರೆಯ ಏಟಿಗೆ ಸಿಗುವುದಿಲ್ಲ, ಬಿಸಿಲಿನ ಕಾವೂ ತಟ್ಟುವುದಿಲ್ಲ. ಕಾರು ಓಡಾಡುವಲ್ಲಿ ಎರಡೂವರೆಯಿಂದ ಮೂರು ಅಡಿ ಬೇಕು. ಅಷ್ಟು ಇಳಿಸುವಾಗ ಶೇಡಿ ಸಿಕ್ಕಿತೆಂದಾದರೆ ಅಲ್ಲಿಗೇ ನಿಲ್ಲಿಸಿ, ಪೈಪನ್ನು ನಾಲ್ಕಿಂಚಿನ ಕಬ್ಬಿಣದ ಪೈಪಿನೊಳಗೆ ತೂರಿಸಿ ಮೇಲೆ ಕಾಂಕ್ರೀಟು ಹಾಕಿಸುವುದು ಒಳ್ಳೆಯದು.

ಪೈಪು ಮತ್ತು ಜೋಡಣೆ

ನೀರಿನ ಒತ್ತಡಕ್ಕೆ ಸುಲಭದ ಲೆಕ್ಕವಿದೆ: 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಬಾವಿಯ ಪಂಪಿನಿಂದ ಟ್ಯಾಂಕಿನವರೆಗೆ 25 ಮೀಟರ್ ಎತ್ತರವಿದ್ದರೆ ಪೈಪಿನ ಕೆಳತುದಿಯಲ್ಲಿ ಎರಡೂವರೆ ಕೆ.ಜಿ. ಒತ್ತಡ. ಹಾಗಾದರೆ ಅಂಗಡಿಯಲ್ಲಿ ಸಿಗುವ, 4 ಕೆ.ಜಿ. ಒತ್ತಡ ತಾಳುವ ದರ್ಜೆಯ ಪೈಪೇ ಸಾಕಲ್ಲ ಎನಿಸುತ್ತದೆ, ಸಾಲದು. ಕರೆಂಟು ಹೋಗಿ ಪಂಪು ಥಟ್ಟನೆ ನಿಂತಾಗ ಮೇಲಿನ ನೀರು ಹಿಂದಕ್ಕೆ ಬಂದು ವಾಲ್ವಿಗೆ ಬಡಿಯುವ ಏಟು ಇದಕ್ಕಿಂತ ಎಷ್ಟೋ ಹೆಚ್ಚು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ಹೂಳುವ ಪೈಪಿಗೆ 10 ಕೆ.ಜಿ. ದರ್ಜೆಯದ್ದನ್ನೇ ಕೊಳ್ಳಿ, ಪಂಪಿನ ಬಳಿ ನೀರನ್ನು ಹಿಂದಕ್ಕೆ ಬಿಡದ ಒಳ್ಳೆಯ ನಾನ್ ರಿಟರ್ನ್ ವಾಲ್ವ್ ಹಾಕಿಸಿ.

ಇಳಿಜಾರು ಕಡಿದಾಗಿದ್ದರೆ ನಾನು ಪಿವಿಸಿಗಿಂತ ಸುರುಳಿಯಲ್ಲಿ ಬರುವ ಕಪ್ಪು ಎಚ್‌ಡಿಪಿಇ ಪೈಪನ್ನು ಮೆಚ್ಚುತ್ತೇನೆ. ಇನ್ನೂರು ಅಡಿಗೆ ಅದರಲ್ಲಿ ನಡುವೆ ಒಂದೂ ಜೋಡಣೆ ಬೇಕಾಗುವುದಿಲ್ಲ, ಅಡಿಯ ಮಣ್ಣು ಸ್ವಲ್ಪ ಕುಸಿದರೂ ಅದು ಬಾಗುತ್ತದೆ, ಮುರಿಯುವುದಿಲ್ಲ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಹೊಸದಾಗಿ ಹೂಳುವ ಕಾಲ ಮುಗಿಯಿತು. ಮುರಕಲ್ಲಿನ ನೆಲದ ಬಾವಿನೀರು ಬಹಳ ಕಡೆ ತುಸು ಆಮ್ಲೀಯ, ಮಲ್ಪೆ–ಉಳ್ಳಾಲದಂಥ ಕಡಲ ಬದಿಯಲ್ಲಿ ಉಪ್ಪಿನ ಕಾಟವೂ ಸೇರಿ ಒಳಗೂ ಹೊರಗೂ ತುಕ್ಕು ತಿನ್ನುತ್ತದೆ.

ಪಿವಿಸಿಯೇ ಆದರೆ, ಜೋಡಣೆಯಲ್ಲಿ ಅವಸರ ಮಾಡುವವರನ್ನು ಪಕ್ಕದಲ್ಲೇ ನಿಂತು ತಡೆಯಬೇಕು. ಪೈಪನ್ನು ನೇರವಾಗಿ ಕೊಯ್ದು, ಅಂಚಿನ ಮುಳ್ಳು ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಪೈಪಿಗೂ ಕಪ್ಲಿಂಗಿಗೂ ಎರಡಕ್ಕೂ ತೆಳ್ಳಗೆ ಗಮ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಪೂರ್ತಿ ಒಳಕ್ಕೆ ತಳ್ಳಿ, ಅರ್ಧ ನಿಮಿಷ ಬಿಗಿಯಾಗಿ ಹಿಡಿದಿರಬೇಕು. ಬಿಟ್ಟರೆ ಪೈಪು ತಾನಾಗಿ ಹಿಂದಕ್ಕೆ ಜಾರುತ್ತದೆ. ಒದ್ದೆ ಪೈಪಿಗೆ ಗಮ್ ಹಿಡಿಯುವುದಿಲ್ಲ. ಜಿಟಿಜಿಟಿ ಮಳೆಯಲ್ಲಿ ಮಾಡಿದ ಜೋಡಣೆಗಳು ಸೋರುವುದು ಇದಕ್ಕೇ. ಒಂದು ದಿನ ಪೂರ್ತಿ ಬಿಟ್ಟು ಆಮೇಲೆ ನೀರು ಹಾಯಿಸಿ. ಇನ್ನೊಂದು ಸಂಗತಿ, 6 ಮೀಟರಿನ ಪಿವಿಸಿ ಪೈಪು 20 ಡಿಗ್ರಿ ಬಿಸಿಯೇರಿದರೆ 8ರಿಂದ 10 ಮಿಲಿಮೀಟರ್ ಉದ್ದವಾಗುತ್ತದೆ. ಮಟಮಟ ಮಧ್ಯಾಹ್ನ ಬಿಗಿಯಾಗಿ ಜೋಡಿಸಿ ಮುಚ್ಚಿದರೆ ರಾತ್ರಿ ತಂಪಿಗೆ ಕುಗ್ಗುವಾಗ ಜೋಡಣೆಗಳೇ ಎಳೆತಕ್ಕೆ ಸಿಲುಕುತ್ತವೆ. ಕಣಿಯಲ್ಲಿ ಪೈಪನ್ನು ತುಸು ಓಲಾಡಿದಂತೆ ಇಟ್ಟು, ಬೆಳಗಿನ ತಂಪಿನಲ್ಲಿ ಮುಚ್ಚುವ ಕೆಲಸ ಶುರುಮಾಡಿ.

ಕಣಿ ತುಂಬುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅಗೆಯುವ ದಿನವೇ ಮಣ್ಣನ್ನು ಎರಡು ರಾಶಿ ಮಾಡಿಸಿ: ಕಲ್ಲು, ಮುರಕಲ್ಲಿನ ಚಕ್ಕೆ ಇರುವ ಮಣ್ಣು ಒಂದು ಬದಿಗೆ, ನುಣುಪಾದ ಕೆಂಪು ಮಣ್ಣು ಇನ್ನೊಂದು ಬದಿಗೆ. ಶೇಡಿ ಬಂದಿದ್ದರೆ ಅದನ್ನು ಕಣಿಯ ಹತ್ತಿರವೇ ಇಡಬೇಡಿ, ತೆಂಗಿನ ಕಟ್ಟೆಗೆ ಹಾಕಿ. ಮುರಕಲ್ಲಿನ ಒಂದು ಚೂಪು ಮೊನೆ ಪೈಪಿನ ಹೊಟ್ಟೆಗೆ ಒತ್ತಿಕೊಂಡಿದ್ದರೆ ವರ್ಷಗಳ ಮೇಲೆ ಅಲ್ಲೇ ಸೀಳು ಬಿಡುತ್ತದೆ. ತಳದಲ್ಲಿರುವ ಮೊನೆಗಳನ್ನು ಸಬ್ಬಲಿನಿಂದ ತಟ್ಟಿ ತೆಗೆದು, ನಾಲ್ಕಿಂಚು ಹೊಯಿಗೆಯನ್ನೋ (ಮರಳು) ಜರಡಿ ಹಿಡಿದ ಮಣ್ಣನ್ನೋ ಹಾಸಿ.

ಹೊಯಿಗೆಯ ಹಾಸು ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ, ತಟ್ಟಾದ ನೆಲಕ್ಕೆ ಅದೇ ಸರಿ. ಆದರೆ ಇಳಿಜಾರಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಹೊಯಿಗೆ ಹಾಸಿದರೆ ನೀರು ಓಡಲು ಅದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಆದ್ದರಿಂದ ನಡುನಡುವೆ ತಡೆ ಕಟ್ಟಬೇಕು. ಗದ್ದೆಗೆ ಕಟ್ಟಪುಣಿ (ಬದು) ಇದ್ದಂತೆ ಇದು ಕಣಿಯೊಳಗಿನ ಕಟ್ಟಪುಣಿ. ತಡೆ ಬರುವಲ್ಲಿ ಎರಡು ಅಡಿ ಉದ್ದಕ್ಕೆ ಹೊಯಿಗೆ ಹಾಕದೆ, ಕಣಿಯ ಎರಡೂ ಗೋಡೆಗಳಿಗೂ ತಳಕ್ಕೂ ಅರ್ಧ ಅಡಿ ಗಾಡಿ (ಕಚ್ಚು) ಕೊರೆದು, ಪೈಪಿನ ಸುತ್ತ ನಾದಿದ ಆವೆಮಣ್ಣನ್ನು (ಜೇಡಿಮಣ್ಣು) ಕೈಯಿಂದಲೇ ಒತ್ತಿ ತುಂಬುತ್ತ ಮೇಲಿನವರೆಗೂ ಬರಬೇಕು. ಪೈಪಿನ ಹೊಟ್ಟೆಯ ಕೆಳಗೆ ಬೆರಳು ತೂರಿಸಿ ಒತ್ತದಿದ್ದರೆ ಅಲ್ಲಿ ಪೊಳ್ಳು ಉಳಿಯುತ್ತದೆ, ನೀರು ಆ ಪೊಳ್ಳನ್ನೇ ಹುಡುಕುತ್ತದೆ. ಆವೆಮಣ್ಣು ಸಿಗದಿದ್ದರೆ ಹತ್ತು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಸಿಮೆಂಟು ಕಲಸಿ, ತುಸುವೇ ನೀರು ಚಿಮುಕಿಸಿ, ಗುದ್ದಿ ತುಂಬಿದರೂ ಆಗುತ್ತದೆ.

ಆವೆಮಣ್ಣೆಂದು ತಿಳಿದು ಶೇಡಿಯನ್ನೇ ತುಂಬಿಸುವ ತಪ್ಪು ಸುಲಭವಾಗಿ ಆಗುತ್ತದೆ, ಮುಟ್ಟಿದರೆ ಎರಡೂ ನುಣುಪೇ. ಹಿಡಿ ಮಣ್ಣನ್ನು ಒದ್ದೆ ಮಾಡಿ ನಾದಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಗಾಜಿನ ಲೋಟದ ನೀರಿನಲ್ಲಿ ಇಟ್ಟು ಊಟ ಮಾಡಿ ಬನ್ನಿ. ಉಂಡೆ ಉಂಡೆಯಾಗಿಯೇ ಇದ್ದರೆ ಮಣ್ಣು ಒಳ್ಳೆಯದು. ಕುಸಿದು ನೀರು ಹಾಲಿನಂತೆ ಕದಡಿದ್ದರೆ ಅದು ತಡೆಗೆ ಬಾರದು.

ತಡೆಗಳ ನಡುವಿನ ಅಂತರವನ್ನು ನಾನು ಮೆಲ್ಲನೆಯ ಇಳಿಜಾರಿನಲ್ಲಿ 30 ಅಡಿ, ಮೆಟ್ಟಿಲು ಕಟ್ಟಬೇಕಾದಂಥ ಇಳಿಜಾರಿನಲ್ಲಿ 12ರಿಂದ 15 ಅಡಿ ಇಟ್ಟಿದ್ದೇನೆ. ಮನೆಯ ಪಂಚಾಂಗದ (ಅಡಿಪಾಯದ) ಬಳಿ, ಬಾವಿಕಟ್ಟೆಯ ಬಳಿ, ಧರೆ ದಾಟುವುದಕ್ಕೆ ಮುಂಚೆ ಒಂದೊಂದು ತಡೆ ಇರಲೇಬೇಕು. ಇನ್ನು, ತಡೆದ ನೀರಿಗೆ ಹೋಗಲು ದಾರಿ ಬೇಕಲ್ಲ. ಪ್ರತಿ ತಡೆಯ ಮೇಲ್ಬದಿಯಲ್ಲಿ ಕಣಿಯಿಂದ ಪಕ್ಕದ ಚರಂಡಿಗೆ ಜಲ್ಲಿ ತುಂಬಿದ ಸಣ್ಣ ಕಾಲುವೆಯೊಂದನ್ನು ಬಿಟ್ಟರೆ ನೀರು ಅಲ್ಲಲ್ಲೇ ಹೊರಬಿದ್ದು ಹೋಗುತ್ತದೆ.

ಉಳಿದ ಭಾಗವನ್ನು ಅರ್ಧರ್ಧ ಅಡಿಯಾಗಿ ತುಂಬಿ, ಪ್ರತಿ ಪದರಕ್ಕೂ ದಮ್ಮಸು ಹೊಡೆಸಬೇಕು. ಪೈಪಿನ ನೆತ್ತಿಯ ಮೇಲಿನ ಮೊದಲ ಪದರಕ್ಕೆ ಮಾತ್ರ ಕಾಲಿನಿಂದ ತುಳಿದರೆ ಸಾಕು. ಆಗ ಪೈಪಿನೊಳಗೆ ನೀರು ತುಂಬಿಯೇ ಇರಲಿ. ಖಾಲಿ ಪೈಪು ಹಗುರ; ಅಕಾಲ ಮಳೆ ಬಂದು ಕಣಿಯಲ್ಲಿ ನೀರು ನಿಂತರೆ ಅದು ತೇಲಿ ಮೇಲೆದ್ದು, ಹಾಸಿದ ಹೊಯಿಗೆ ಅದರ ಅಡಿಗೆ ಜಾರಿಕೊಂಡು, ಮತ್ತೆ ಮೊದಲಿನ ಮಟ್ಟಕ್ಕೆ ಇಳಿಯುವುದೇ ಇಲ್ಲ.

ಮೇಲಿನಿಂದ ಒಂದಡಿ ಉಳಿದಾಗ ಒಡೆದ ಹೆಂಚುಗಳನ್ನು ಪೈಪಿನ ನೇರಕ್ಕೆ ಸಾಲಾಗಿ ಹಾಸಿ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಕಡೆ ಒಡೆದ ಹೆಂಚಿಗೆ ಬರವಿಲ್ಲ, ಪ್ರತಿ ಹಳೆಯ ಮನೆಯ ಹಿಂಬದಿಯಲ್ಲೂ ಒಂದು ರಾಶಿ ಇದ್ದೇ ಇರುತ್ತದೆ. ಮುಂದೆ ಯಾರಾದರೂ ಹಾರೆ ಹಾಕಿದರೆ ಹೆಂಚಿನ ಸದ್ದು ಕೇಳಿ ಕೈ ತಡೆಯುತ್ತಾರೆ. ಹೆಗ್ಗಣ ಬಿಲ ತೋಡುತ್ತ ಪೈಪಿನ ಮೇಲಕ್ಕೆ ಇಳಿಯುವುದಕ್ಕೂ ಅಡ್ಡಿ. ಇಂಟರ್ನೆಟ್ ಕೇಬಲಿಗೆಂದು ಬರುವ ಜೆಸಿಬಿಗೆ ಮಾತ್ರ ಯಾವ ಹೆಂಚೂ ಕೇಳಿಸುವುದಿಲ್ಲ. ಅದಕ್ಕೆ ಮುಚ್ಚುವ ಮೊದಲೇ, ಮನೆಯ ಮೂಲೆಯಿಂದ ಟೇಪು ಹಿಡಿದು ಅಳತೆ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ.

ಕೊನೆಯ ಪದರವನ್ನು ನೆಲಕ್ಕಿಂತ ನಾಲ್ಕೈದು ಇಂಚು ಎತ್ತರಕ್ಕೆ, ಎಮ್ಮೆಯ ಬೆನ್ನಿನಂತೆ ಉಬ್ಬಾಗಿ ಬಿಡಿ. ನೋಡಲು ಅಂದವಾಗಿರುವುದಿಲ್ಲ, ಮನೆಯವರು ಆಕ್ಷೇಪಿಸುತ್ತಾರೆ, ಆದರೂ ಸಮತಟ್ಟು ಮಾಡಿಸಬೇಡಿ. ಒಂದು ಮಳೆಗಾಲ ಕಳೆಯುವಾಗ ಅದು ತಾನೇ ನೆಲದ ಮಟ್ಟಕ್ಕೆ ಕೂರುತ್ತದೆ.

ಪರೀಕ್ಷೆ

ಜೋಡಣೆಗಳ ಮೇಲೆ ಮಣ್ಣು ಹಾಕುವ ಮೊದಲು ಒಂದು ರಾತ್ರಿ ಕಾಯುವುದು ಒಳ್ಳೆಯದು. ಪಂಪಿನ ಬಳಿ ನಾನ್ ರಿಟರ್ನ್ ವಾಲ್ವಿನ ಮೇಲ್ಬದಿಗೆ ಒಂದು ಪ್ರೆಷರ್ ಗೇಜು ಕೂರಿಸಿದರೆ, 25 ಮೀಟರ್ ಎತ್ತರದ ಲೈನು ತುಂಬಿ ನಿಂತಾಗ ಮುಳ್ಳು ಎರಡೂವರೆಯ ಬಳಿ ನಿಲ್ಲುತ್ತದೆ. ಬೆಳಗ್ಗೆಯೂ ಅಲ್ಲೇ ಇದ್ದರೆ ನಿಶ್ಚಿಂತೆ. ಇಳಿದಿದ್ದರೆ ಸೋರುತ್ತಿರುವುದು ಪೈಪೋ ವಾಲ್ವೋ ಎಂದು ತಿಳಿಯಲು, ಗೇಜಿಗೂ ವಾಲ್ವಿಗೂ ನಡುವೆ ಒಂದು ಗೇಟ್ ವಾಲ್ವ್ ಇರಬೇಕು. ಅದನ್ನು ಮುಚ್ಚಿಯೂ ಮುಳ್ಳು ಇಳಿದರೆ ಪೈಪೇ ಸೋರುತ್ತಿದೆ. ಟ್ಯಾಂಕಿನಿಂದ ಕೆಳಗೆ ಬರುವ ಹೂಳಿದ ಲೈನಿಗೆ ಗೇಜೂ ಬೇಡ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಮಲಗಿ. ಅಡ್ಡಳತೆ 1.1 ಮೀಟರ್ ಇರುವ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿಯಿತೆಂದರೆ ಒಂಬತ್ತು ಲೀಟರಿಗೂ ಹೆಚ್ಚು ನೀರು ಎಲ್ಲೋ ಹೋಗಿದೆ ಎಂದರ್ಥ.

ಹೊಸ ಲೈನಿನೊಳಗೆ ಮಣ್ಣು, ಹುಳು ಏನಾದರೂ ಹೋಗಿರುವುದು ಖಂಡಿತ. 50 ಲೀಟರ್ ನೀರಿಗೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಳದ ಸುಣ್ಣ ಕೂರುವವರೆಗೆ ಬಿಟ್ಟು, ಮೇಲಿನ ತಿಳಿಯನ್ನು ಟ್ಯಾಂಕಿನ ಬಳಿಯ ತುದಿಯಿಂದ ಖಾಲಿ ಲೈನಿಗೆ ಹೊಯ್ಯಬೇಕು; 200 ಅಡಿಯ ಒಂದಿಂಚಿನ ಪೈಪಿಗೆ 30ರಿಂದ 40 ಲೀಟರಿನಷ್ಟು ಹಿಡಿಯುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಕೆಳತುದಿಯ ವಾಲ್ವಿನಿಂದ ಹೊರಗೆ ಬಿಡಿ. ಆ ನೀರು ಬಾವಿಗೆ ಹೋಗದಂತೆ, ಬಸಳೆ ಚಪ್ಪರದ ಬುಡಕ್ಕೂ ಹೋಗದಂತೆ ನೋಡಿಕೊಂಡು, ಆಮೇಲೆ ವಾಸನೆ ಹೋಗುವವರೆಗೆ ಬರೀ ನೀರು ಹಾಯಿಸಿ. ಬ್ಲೀಚಿಂಗ್ ಪೌಡರಿನ ಡಬ್ಬಿ ತೆರೆಯುವಾಗ ಮುಖ ಹತ್ತಿರ ಒಯ್ಯಬೇಡಿ.

ಕೆಲಸ ಮಾರ್ಚ್ ತಿಂಗಳೊಳಗೆ ಮುಗಿದರೆ ಮಳೆ ಹಿಡಿಯುವ ಮುಂಚೆ ಮಣ್ಣು ಕೂರಲು ಎರಡು ತಿಂಗಳಾದರೂ ಸಿಗುತ್ತದೆ. ನಡುವೆ ವಾರಕ್ಕೊಮ್ಮೆ ಮೇಲಿನಿಂದ ನೀರು ಚಿಮುಕಿಸಿ ದಮ್ಮಸು ಹೊಡೆಸಿದರೆ ಇನ್ನೂ ಒಳ್ಳೆಯದು. ಜೂನ್‌ನಲ್ಲಿ ಮಳೆ ಬಿರುಸಾದ ಮೊದಲ ವಾರ, ಕೊಡೆ ಹಿಡಿದು ಲೈನಿನ ಉದ್ದಕ್ಕೂ ಒಮ್ಮೆ ನಡೆಯಿರಿ. ಉಬ್ಬು ಎಲ್ಲಿ ತಗ್ಗಾಗಿದೆಯೋ ಅಲ್ಲಿಗೆ ಎರಡು ಬುಟ್ಟಿ ಮಣ್ಣು, ಜಲ್ಲಿಯ ಕಾಲುವೆಯ ಬಾಯಿಗೆ ಅಡಕೆಯ ಹಾಳೆಯೋ ತೆಂಗಿನ ಸಿಪ್ಪೆಯೋ ಸಿಕ್ಕಿಕೊಂಡಿದ್ದರೆ ಅದನ್ನು ತೆಗೆಯುವುದು. ಕಾಲುವೆಗಳಿಂದ ಬರುವ ನೀರಿನ ಬಣ್ಣ ನೋಡಿ. ಮೊದಲೆರಡು ದಿನ ಕೆಂಪಾಗಿ ಬಂದರೆ ಗಾಬರಿಯಿಲ್ಲ, ಆಮೇಲೆ ತಿಳಿಯಾಗಬೇಕು. ಆಟಿಯಲ್ಲೂ ಕದಡಿಯೇ ಬರುತ್ತಿದ್ದರೆ, ಅದರಲ್ಲೂ ಗುಲಾಬಿ ಬಣ್ಣವಿದ್ದರೆ, ಮಳೆ ಬಿಡುವವರೆಗೆ ಕಾಯದೆ ಅದಕ್ಕೆ ಮೇಲಿರುವ ತಡೆಯನ್ನು ಅಂದೇ ತೆರೆದು ನೋಡಿ.